ಮುತ್ತಜ್ಜಿ ಕರೆದ ಹುಡುಗಿ

ದಕ್ಷಿಣ ಆಫ್ರಿಕಾದ ಎಶೋವೆ ಪಟ್ಟಣದ ಟ್ಯಾಕ್ಸಿ ನಿಲ್ದಾಣದಲ್ಲಿ ಬೇಯಿಸಿದ ಜೋಳದ ತೆನೆ ಮಾರುವ ಥೆಂಜಿವೆಯ ಕಿವಿಗೆ, ಸಾಲಿನಲ್ಲಿ ನಿಂತಿದ್ದ ತಾಯಿ ಮಗಳ ಮಾತು ಬಿತ್ತು. ತಾಯಿ ಚರ್ಚಿನ ಹೆಂಗಸರ ಸಮವಸ್ತ್ರವಾದ ಕೆಂಪು ರವಿಕೆ ತೊಟ್ಟಿದ್ದಳು. ಮಗಳ ಕೂದಲಿಗೆ ದೀಕ್ಷೆಯ ಕೆಮ್ಮಣ್ಣು ಮೆತ್ತಿತ್ತು.

“ಬ್ಯಾಂಕಿನ ಕೆಲ್ಸ ಬಿಟ್ಟು ವರ್ಷವಿಡೀ ಗುರುಗಳ ಮನೇಲಿ ನೆಲ ಸಾರಿಸಿದ್ದೀಯ. ಸಾಕು, ಮನೆಗೆ ನಡಿ ಜಾಬುಲಿಸೀವೆ.”

“ನಾಳೆ ಕೊನೇ ಪರೀಕ್ಷೆ ಅಮ್ಮ. ಗುರುಗಳು ಬಚ್ಚಿಟ್ಟಿದ್ದನ್ನ ಎಲ್ರೆದುರು ಹುಡುಕಿ ತೆಗೆದ್ರೆ ನಾನೂ ಸಾಂಗೋಮ, ಸತ್ತ ಹಿರಿಯರ ಮಾತು ಕೇಳಿ ಜನಕ್ಕೆ ಮದ್ದು ಕೊಡೋಳು.”

“ಸಿಗದಿದ್ರೆ ಮಾನ ಹೋಗತ್ತೆ.”

“ಸಿಗತ್ತೆ. ಮುತ್ತಜ್ಜಿ ಜೊತೇಲಿದ್ದಾಳೆ.”

“ನನ್ನಜ್ಜಿ ಮದ್ದು ಕೊಡ್ತಿದ್ಲು ಅಂತ ನಾನ್ಯಾವತ್ತೂ ಬಾಯಿ ಬಿಟ್ಟಿಲ್ಲ. ಯಾರು ಹೇಳಿದ್ದು?”

“ಅವಳೇ, ಕನಸಲ್ಲಿ ಬಂದು. ಎಡಗೈಲಿ ಕಿರುಬೆರಳೇ ಇರ್ಲಿಲ್ಲ.”

ತಾಯಿ ತನ್ನ ಎಡಗೈಯ ಕಿರುಬೆರಳನ್ನು ಹಿಡಿದುಕೊಂಡಳು.

“ಹುಲ್ಲು ಕೊಯ್ಯುವಾಗ ಹೋಗಿದ್ದು,” ಎಂದಳು. “ನಾನು ಚಿಕ್ಕೋಳು, ಪಕ್ಕದಲ್ಲೇ ಇದ್ದೆ.”

“ಹಾಗಾದ್ರೆ ಪರೀಕ್ಷೆಗೆ ನೀನೂ ಬಾ.”

“ಬರ್ದೆ ಇರ್ತೀನಾ? ಚರ್ಚಿನೋರು ಏನ್ ಬೇಕಾದ್ರೂ ಅಂದ್ಕೊಳ್ಲಿ.”

ಟ್ಯಾಕ್ಸಿ ಬಂತು. ತಾಯಿ ಜನರನ್ನು ಸರಿಸಿಕೊಂಡು ನುಗ್ಗಿದಳು.

“ಮುಂದಿನ ಸೀಟು ನಂಗೆ ಬಿಡಪ್ಪಾ, ಸಾಂಗೋಮನ ತಾಯಿ ನಾನು!”

“ಇನ್ನೂ ಆಗಿಲ್ಲಮ್ಮ,” ಮಗಳು ನಕ್ಕಳು.

“ನಾಳೆ ಆಗ್ತೀಯ. ಹತ್ತು, ಹತ್ತು.”