ಮದುವೆ ಊಟದ ಟ್ರೇಲರ್

ಗಾಳಿ ಜೋರಾಗಿದ್ದರಿಂದ ದ್ವೀಪಕ್ಕೆ ಕಾರುಗಳನ್ನೂ ಸಾಗಿಸುವ ಹಡಗು ಬಂದಿರಲಿಲ್ಲ. ಕಾರುಗಳ ಸಾಲಿನಲ್ಲಿ ನನ್ನ ಪಕ್ಕದಲ್ಲೇ, ಬಾಡಿಗೆಯ ಫ್ರಿಜ್ ಟ್ರೇಲರ್ ಎಳೆದು ತಂದಿದ್ದ ಅಣ್ಣ-ತಂಗಿ ನಿಂತಿದ್ದರು.

“ಅಣ್ಣಾ, ಒಳಗೆಷ್ಟಿದೆ ನೋಡು.”

“ಆರು ಡಿಗ್ರಿ. ಈಗ್ತಾನೇ ನೋಡಿದ್ನಲ್ಲೇ.”

“ಆಗ ನಾಲ್ಕಿತ್ತು! ನಾಳೆ ನನ್ನ ಮಗಳ ಮದುವೆ, ನೂರು ಜನದ ಮೀನಿನ ಊಟ ಇದೆ ಅದರಲ್ಲಿ.”

“ಕರೆಂಟ್ ಕೊಡದಿದ್ರೆ ತಣ್ಣಗಿರಲ್ಲ ಅಂತ ಬಾಡಿಗೆಯವನು ಹೇಳಿದ್ದ. ಹಡಗಲ್ಲಿ ಪ್ಲಗ್ ಇರುತ್ತೆ ಅಂದ್ಕೊಂಡೆ.”

“ಅಲ್ಲಿ ಕಾಣೋ ಮೀನಿನ ಶೆಡ್ಡಲ್ಲಿ ಕರೆಂಟ್ ಕೇಳೋಣ, ನಡಿ.”

“ಸಾಲು ಬಿಟ್ರೆ ಮತ್ತೆ ಕೊನೇಲಿ ನಿಲ್ಬೇಕು ಕಣೇ.”

“ನಿಲ್ಲೋಣ.”

“ಮುಂದಿನ ಕಾರಲ್ಲಿ ಪಾದ್ರಿಗಳೇ ಕಾಯ್ತಿದಾರೆ. ಅವರಿಲ್ದೆ ಮದುವೆ ಹೇಗೂ ಶುರುವಾಗಲ್ಲ. ಸ್ವಲ್ಪ ತಾಳು.”

“ಪಾದ್ರಿಗಳು ಎಷ್ಟೊತ್ತು ಕಾದ್ರೂ ಕೆಡಲ್ಲ, ಮೀನು ಕೆಡುತ್ತೆ!”

ಟ್ರೇಲರ್ ಸಾಲು ಬಿಟ್ಟು ಶೆಡ್ಡಿನತ್ತ ಹೊರಟಿತು. ಒಂದು ನಿಮಿಷದ ಬಳಿಕ ಪಾದ್ರಿಗಳ ಕಾರೂ ಅದರ ಹಿಂದೆಯೇ ತಿರುಗಿತು.