ಅಂಗಾಲು ನೋಡ್ಕೊಂಡ್ಯಾ?

"ಹಲೋ... ಯಾರು ಮಾತಾಡ್ತಿರೋದು?... ಯಾರು?... ಓ, ಶ್ಯಾಮಲಾನಾ. ಒಸ ನಂಬರಿಂದ ಮಾಡಿದ್ರೆ ನಂಗೆಂಗೆ ಗೊತ್ತಾಗ್ಬೇಕು..."

ಬಂಗಾರಪೇಟೆ ಪಕ್ಕದ ಹಳ್ಳಿ. ಹಾಲು ಕರೆದು ಮುಗಿಸಿ ಜಗಲಿಯಲ್ಲಿ ಎಡಗಾಲು ಚಾಚಿ ಕೂತಿದ್ದ ಗಂಗರತ್ನಮ್ಮ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದಳು. ಹತ್ತಿರದ ಗಣಿ ಊರು ಕೋರಮಂಡಲ್‌ನಲ್ಲಿರುವ ನಾದಿನಿ ಸುಮ್ಮಸುಮ್ಮನೆ ಫೋನು ಮಾಡುವವಳಲ್ಲ.

"ಕಾಲಾ? ಪರ್ವಾಗಿಲ್ಲ ಕಣೇ. ಪಾದ ಮೇಲಕ್ಕೆ ಏಳ್ತೈತೆ... ಹಾಂ?... ಎಂಗೆ ಶುರುವಾಯ್ತಾ? ನಮ್ಮಕ್ಕನ ಮಗಳು ಕಲ್ಪನನ ಮದ್ವೇಲಿ ನಾನು ಬಿದ್ದಿದ್ದು ನೋಡಿದ್ಯಲ್ಲ... ಅದಕ್ಕೂ ಮೊದ್ಲಿನ ಕತೆ ಬೇಕಾ? ಸರಿ, ಕೇಳಿ ನಗು."

"ತರಕಾರಿ ಎಚ್ಚೋಕೆ ಕೂತ್ನಾ? ಸ್ಟೂಲು ಕೊಟ್ರು. ಸ್ಟೂಲು ಮುದುಕೀರಿಗೆ ಕೊಡ್ರಮ್ಮಾ, ನಾನು ಟೊಮಾಟೋ ತೋಟದಾಗೆ ಸಾಲುಗಟ್ಲೆ ಕುಕ್ಕರಗಾಲಲ್ಲೇ ಓಗೋಳು ಅಂದೆ. ಬೆಳಗಿಂದ ಒಂದೇ ಕೂರಾಟ. ಕುಂಬಳಕಾಯಿ ಮುಗೀತು, ಬೀನ್ಸ್ ಮುಗೀತು, ಎದ್ರೆ ಕಾಲು ಜೋಮು. ಇರ್ಲಿ ಅಂತ ಸಾಂಬಾರ್ ಬಕೀಟು ಎತ್ಕೊಂಡು ಪಂಕ್ತಿಗೆ ಓದೆ. ಬಕೀಟು ಮುಂದಕ್ಕೆ ಓಯ್ತು, ನಾನು ಓದೆ, ಪಾದ ಮಾತ್ರ ಬರ್ಲೇ ಇಲ್ಲ... ಊಂ ಕಣೇ, ಬೀಗ್ರ ಮಡಿಲಿಗೇ..."

"ಪಂಕ್ತೀಲಿ ಕೂತಿದ್ದ ಆದಿಲಕ್ಷ್ಮಮ್ಮ ನನ್ನೇ ನೋಡ್ತಿದ್ಲು, ಅವಳ ಕಣ್ಣೇ ತಗುಲ್ತು ಅಂತ ಊರೆಲ್ಲ ಏಳ್ಕೊಂಡು ಬಂದೆ. ಪಾಪ, ಅವಳು ನೋಡ್ತಿದ್ದಿದ್ದು ಸಾಂಬಾರ್ನ... ಆಮೇಲೆ ಲಕ್ವ ಒಡೀತು ಅಂತ ಚಾಪೆ ಮೇಲೆ ಬಿದ್ಕೊಂಡು, ಯಾವ ಸೀರೆ ಯಾರಿಗೆ ಅಂತ ಪಾಲು ಬೇರೆ ಮಾಡ್ಬಿಟ್ಟೆ. ಆ ನೇರಳೆ ರೇಷ್ಮೆ ನಿಂಗೆ ಬರ್ಬೇಕಾಗಿತ್ತು. ಈಗಿಲ್ಲ ಬಿಡು..."

"ನರದ ಡಾಕ್ಟ್ರಮ್ಮ ಮುಖ, ಕೈ, ಕಾಲು ಎಲ್ಲ ನೋಡಿ, ಮೊಣಕಾಲ ಪಕ್ಕ ಬೆರಳಲ್ಲಿ ತಟ್ಟಿದ್ರು. ಲಕ್ವ ಅಲ್ಲಮ್ಮ, ಇಲ್ಲಿ ಮೂಳೆ ಮೇಲೇ ಒಂದು ನರ ಓಗ್ತೈತೆ, ನೀವು ಕೂತೂ ಕೂತೂ ಅದನ್ನ ಒತ್ತಿದ್ದೀರ ಅಂದ್ರು. ಅಷ್ಟೇನಾ ಅಂದೆ. ನಂಗೆ ಬೇಜಾರೇ ಆಯ್ತು ಕಣೇ, ಅಷ್ಟೊಂದು ಸೀರೆ ಕೊಟ್ಟಿದ್ದೀನಿ..."

"ಮದ್ದಾ? ಪಾದ ಬೀಳ್ದಂಗೆ ಒಂದು ಪಟ್ಟಿ. ದಿನಾ ಟವಲ್ ಆಕಿ ಎಳ್ಕೊಳ್ಳೋದು, ಮೇಲೇಳು ಮೇಲೇಳು ಅಂತ ಬೆರಳಿಗೆ ಅನ್ನೋದು. ಎಮ್ಮೇನ ಬೈದಂಗೆ ಬೈತಿದ್ದೆ. ಕೊನೆಗೊಂದಿನ ಎಬ್ಬೆರಳು ಅಲ್ಲಾಡ್ತು. ನಿಮ್ಮಣ್ಣ ಆಲು ಆಕೋಕೆ ಡೈರಿಗೆ ಒಂಟಿದ್ರು, ನಿಲ್ಸಿ ತೋರ್ಸ್ದೆ. ಕ್ಯಾನು ಕೆಳಗಿಟ್ಟು, ಇನ್ನೊಂದ್ಸಲ ಮಾಡು ಅಂದ್ರು..."

ಚಾಚಿದ್ದ ಕಾಲಿನ ಹೆಬ್ಬೆರಳನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು.

"ಇರ್ಲಿ, ನಿನ್ ಸಮಾಚಾರ ಏಳು... ನನ್ ಚಪ್ಲಿನಾ? ಕಾಲಿನ ಇಮ್ಮಡಿಗೆ ಪಟ್ಟಿ ಇರೋದು, ರಾಬರ್ಟ್‌ಸನ್‌ಪೇಟೇಲೇ ತಗೊಂಡಿದ್ದು. ಯಾಕೆ?... ಕಳಚ್ಕೊಂಡ್ ಓಗ್ತೈತಾ? ನಿಂದೂ ಪಾದ ಜೋತಾಡ್ತೈತಾ? ಎತ್ತಿ ನೋಡು... ಚೆನ್ನಾಗೇ ಏಳ್ತೈತಾ. ಮತ್ತೆ?... ಯಾರು ಕರ್ದ್ರು?... ಮಲ್ಲಿಗೆ ಊವು ಮಾರೋಳು ಕರ್ದು, ಅಮ್ಮಾ ನಿಮ್ ಚಪ್ಲಿ ಅಲ್ಲೇ ಬಿತ್ತು ಅಂದ್ಳಾ? ಬಿದ್ದಿದ್ದು ನಿಂಗೆ ಗೊತ್ತಾಗ್ಲಿಲ್ವಾ?... ಬಸ್ ಸ್ಟ್ಯಾಂಡ್‌ವರ್ಗೂ ಬರಿಗಾಲಲ್ಲೇ ಬಂದಿದ್ಯಾ?"

ಗಂಗರತ್ನಮ್ಮನ ನಗು ನಿಂತಿತು. ಚಾಚಿದ್ದ ಕಾಲನ್ನು ಒಳಗೆಳೆದುಕೊಂಡಳು.

"ಶುಗರ್ ಎಷ್ಟೈತೆ?... ಈಚೆಗೆ ನೋಡ್ಸೇ ಇಲ್ವಾ. ಸರಿ, ಬೈಯಲ್ಲ. ಬಾಗ್ಲತ್ರ ಬೆಳಕಲ್ಲಿ ಕೂತ್ಕೋ. ಅಂಗಾಲು ತಿರುವಿ ನೋಡು. ನಾನಿಲ್ಲೇ ಇರ್ತೀನಿ... ನೋಡ್ಕೊಂಡ್ಯಾ?... ಎಲ್ಲಿ, ಇಮ್ಮಡಿ ಅತ್ರಾನಾ? ಏನದು ಕಪ್ಗೆ?... ಮೊಳೆನಾ?..."

"ಶ್ಯಾಮಲ, ಕೇಳಿಸ್ಕೋ. ಕೀಳ್ಬೇಡ. ಅರಿಶಿಣ ಆಕ್ಬೇಡ. ಒಗ್ದಿರೋ ಬಟ್ಟೆ ಸುತ್ತು, ಆ ಕಾಲು ನೆಲಕ್ಕೆ ಊರ್ಬೇಡ... ನೋವಿಲ್ಲ ಅಂತ ಗೊತ್ತು. ಅದಕ್ಕೇ ನಂಗೆ ಎದ್ರಿಕೆ. ನನ್ ಪಾದ ಬಿತ್ತು, ಮದ್ವೆ ಮನೆಗೆಲ್ಲ ಕಾಣ್ತು, ನಗ್ಯಾಡಿದ್ರು. ನಿಂದು ಸಕ್ರೆ ಕಾಯ್ಲೆಗೆ ನರ ಮಂಕಾಗೈತೆ, ನಿಂಗೇ ಗೊತ್ತಾಗಲ್ಲ. ಡಾಕ್ಟ್ರಮ್ಮನತ್ರ ಕಾಯ್ತಾ ಕೂತಾಗ ಇಂತೋರ್ನ ನೋಡಿದ್ದೀನಿ..."

"ಅಳ್ಬೇಡ... ಔದು, ನಿಮ್ಮಮ್ಮನ ಕಾಲು ತೆಗೆದ್ರು. ಆಸ್ಪತ್ರೇಲಿ ಮಗ್ಗುಲಾಗೆ ಇದ್ದೋಳು ನಾನೇ ಅಲ್ವಾ? ಗಾಯನ ಸೀರೆ ನೆರಿಗೆಯಾಗೆ ಮುಚ್ಕೊಂಡು ತಿರುಗಿದ್ರು, ಒಬ್ರಿಗೂ ಏಳ್ಲಿಲ್ಲ. ಬೇಗ ತಂದಿದ್ರೆ ಉಳೀತಿತ್ತು ಅಂದ್ರು ಡಾಕ್ಟ್ರು, ನಿಮ್ಮಣ್ಣನ ಎದುರ್ಗೇ. ನೀನೂ ಮುಚ್ಕೊಂಡು ತಿರುಗ್ತೀಯಾ?..."

ಆ ಕಡೆಯಿಂದ ಬಿಕ್ಕುವ ಸದ್ದು. ಗಂಗರತ್ನಮ್ಮ ಕಾದಳು. ಬಾಯಿ ಮುಚ್ಚಿಕೊಂಡು ಕಾಯುವುದು ಅವಳಿಗೆ ಒಗ್ಗದ ಕೆಲಸ, ಆದರೂ ಕಾದಳು.

"ಶಿವಪ್ರಸಾದಣ್ಣ ಫ್ಯಾಕ್ಟ್ರಿಯಿಂದ ಬಂದವ್ರಾ?... ಫೋನು ಕೊಡು ಅವ್ರಿಗೆ... ಗಂಡಂಗೆ ಗೊತ್ತಾದ್ರೆ ಆಗ್ಲಿ, ಕೊಡು..."

"ಅಣ್ಣಾ, ನಾನು. ಅವಳ ಅಂಗಾಲಿಗೆ ಮೊಳೆ ಒಕ್ಕೈತೆ, ಅವಳಿಗೆ ಗೊತ್ತೇ ಆಗಿಲ್ಲ... ಬೈಯೋದು ಆಮೇಲೆ. ಈಗ ಆಸ್ಪತ್ರೆಗೆ ಕರ್ಕೊಂಡೋಗಿ... ನಾಳೆ ಅಲ್ಲಣ್ಣ, ಈಗ... ಬೈಕ್ ಬೇಡ, ಆಟೋ ಕರೀರಿ. ನಾನು ಬಂಗಾರಪೇಟೆಗೆ ಬಂದು ಬಸ್ ಇಡೀತೀನಿ... ಬರ್ತೀನಿ ಬಿಡಿ. ಕುಂಟ್ಕೊಂಡು ಬಸ್ ಅತ್ತಿದ್ರೆ ಸೀಟು ಬಿಡ್ತಾರೆ, ಅದೊಂದು ಲಾಭ ಆಗೈತೆ ನಂಗೆ..."

"ಶ್ಯಾಮಲಾನಾ?... ಕಾಲು ತೆಗೀತಾರಾ ಅಂದ್ರೆ ನಂಗೆಂಗೆ ಗೊತ್ತಮ್ಮ. ಸುಳ್ಳೇಳಲ್ಲ. ಇವತ್ತೇ ಓದ್ರೆ ಉಳ್ಸೋಕೆ ದಾರಿ ಐತೆ, ಅಷ್ಟು ಗೊತ್ತು... ಕೈ ಇಡ್ಕೊಂತೀನಿ... ಒಳಗೂ ಬರ್ತೀನಿ, ಬಿಡ್ದಿದ್ರೆ ಜಗಳ ಆಡ್ತೀನಿ... ಏನದು ಸದ್ದು? ಆಟೋ ಬಂತಾ?... ಏ, ನಡೀಬೇಡ ನೀನು. ಅಣ್ಣ ಎತ್ಕೊಳ್ಳಿ... ಎತ್ಕೊಂಡ್ರಾ?... ಬೀದಿ ನೋಡಿದ್ರೆ ನೋಡ್ಲಿ ಕಣೇ, ಕತ್ತು ಗಟ್ಟಿಯಾಗಿ ಇಡ್ಕೋ, ನಾನೂ ಎದ್ದೆ, ಅಲ್ಲಿಗೇ ಬ..."

ಲೈನು ಕಟ್ಟಾಯಿತು.