ಅಂಗಡಿಯೊಳಗೆ ಇಳಿಯುವ ಮೆಟ್ಟಿಲು

ರಾತ್ರಿ ಹೊತ್ತು ಬ್ಯಾಡಗಿಯ ಆ ಸೇದುವ ಬಾವಿ ದಾಟಿ ಮನೆಗೆ ಹೋಗುವವರು ಎದುರಿನ ಮಾಳಿಗೆಯತ್ತ ತಲೆ ಎತ್ತುವುದಿಲ್ಲ. ಹಗಲು ನೋಡಿದರೆ ಚಂದದ ಕಟ್ಟಡವೇ. ಕೆಳಗೆ ಅಂಗಡಿ, ಮೇಲೆ ಮನೆ. ಮುಂಬೈ ಕಂಡು ಬಂದ ಮೆಣಸಿನಕಾಯಿ ಸಾವಕಾರ ಕಟ್ಟಿಸಿದ್ದು. ಬಿಳಿಯರ ಕಂಬ, ಮಸೀದಿಯ ಕಮಾನು, ಗುಡಿಯ ಗಿಳಿ, ಬಣ್ಣದ ಗಾಜು... ಕಂಡದ್ದೆಲ್ಲ ಒಂದೇ ಗೋಡೆಗೆ! ಆದರೆ ಮೆಟ್ಟಿಲು ಒಂದೇ, ಅದೂ ಅಂಗಡಿಯ ನಡುವೆ ಇಳಿಯುತ್ತದೆ. ಗಂಡಸರು ವ್ಯಾಪಾರಕ್ಕೆ ಕೂತಿರುವಾಗ ಮನೆಯ ಸೊಸೆ ಇಳಿಯುವಂತಿಲ್ಲ. ಮೆಟ್ಟಿಲ ತಲೆಯ ಮುಚ್ಚಳ ತಟ್ಟಿ, ಅಂಗಡಿ ಮುಚ್ಚಿತೇ ಎಂದು ಕೇಳಬೇಕು. ಕೆಳಗಿನವರು "ಮುಚ್ಚೇವಿ" ಅಂದರೆ ಇಳಿಯಬೇಕು. ಹಾಗೆ ತಟ್ಟುತ್ತಲೇ ಒಬ್ಬ ಸೊಸೆ ಸತ್ತಳಂತೆ; ಈಗಲೂ ರಾತ್ರಿ ಮೇಲಿನ ಗ್ಯಾಲರಿಯಿಂದ ಹೋಗುವವರನ್ನು ಕರೆಯುತ್ತಾಳಂತೆ. ಹೊರಗೆ ಅಷ್ಟು ಶೃಂಗಾರ, ಒಳಗೆ ಹೆಣ್ಣಿಗೊಂದು ಹಿತ್ತಲ ಬಾಗಿಲಿಲ್ಲ. ಥೂ!

ಎರಡು ಸಾವಿರದ ನಾಲ್ಕರಲ್ಲಿ ನಮ್ಮ ಕಾಕಾನ ಮಗಳು ಶ್ರೀದೇವಿ ಆ ಅಂಗಡಿಯನ್ನು ಬಾಡಿಗೆ ಹಿಡಿದು ಹೊಲಿಗೆ ಯಂತ್ರ ಇಟ್ಟಿದ್ದಳು. ಮೇಲೆ ಯಾರೂ ಇರಲಿಲ್ಲ, ಮುಚ್ಚಳಕ್ಕೆ ಮೊಳೆ ಹೊಡೆದಿದ್ದರು. ದೀಪಾವಳಿ ಹತ್ತಿರ, ಹೊಲಿಯುತ್ತ ತಡವಾಯಿತು. ಮನೆಯಲ್ಲಿ ಮಗಳು ಶ್ವೇತಾಗೆ ಜ್ವರ, ಇವಳ ಜೀವವೆಲ್ಲ ಅಲ್ಲೇ. ಬಾಗಿಲ ಹಲಗೆಗಳನ್ನೆಲ್ಲ ಜೋಡಿಸಿ, ಒಂದನ್ನು ಬಿಟ್ಟು, ಕೀಲಿಯನ್ನೂ ಕೀಲಿಕೈಯನ್ನೂ ಹೊರಗಿನ ಕಟ್ಟೆಯ ಮೇಲಿಟ್ಟು, ಚೀಲ ತರಲು ಒಳಗೆ ಬಂದಳು.

ಟಕ್... ಟಕ್... ಮೇಲಿನಿಂದ. ಗಾಜಿನ ಬಳೆಯ ಕಿಣಿಕಿಣಿ.

"ಅಂಗಡಿ ಮುಚ್ಚಿದ್ರೇನ್ರಿ?" ಪಿಸುದನಿ.

ಅವಸರದಲ್ಲಿ ಬಾಯಿ ತಪ್ಪಿತು. "ಮುಚ್ಚೇವ್ರಿ."

ಕರ್ರ್... ಮುಚ್ಚಳ ಎದ್ದಿತು. ದೀಪ ಆರಿತು. ಪಕ್ಕದಲ್ಲೇ ಸೀರೆಯೊಂದು ಸರಸರ ಹಾದುಹೋಯಿತು. ಹೊರಗೆ ಕೊನೆಯ ಹಲಗೆ ಕೂತಿತು, ಧಡ್. ಕೀಲಿ ಬಿತ್ತು, ಕಟಕ್.

ಹಲಗೆ ಬಡಿದು ಬಡಿದು ಶ್ರೀದೇವಿಯ ಕೈ ಸೋತಿತು. ಆಗ ಎಲ್ಲರ ಕೈಯಲ್ಲಿ ಮೊಬೈಲ್ ಎಲ್ಲಿತ್ತು? ಬೇರೆ ದಾರಿಯಿಲ್ಲದೆ ಮೆಟ್ಟಿಲೇರಿ ಬೀದಿಯ ಕಡೆಯ ಗ್ಯಾಲರಿಗೆ ಬಂದಳು. ಬಾವಿಯ ಹತ್ತಿರ ಹಮಾಲ ಜಟ್ಟೆಪ್ಪ ಹೋಗುತ್ತಿದ್ದ.

"ಜಟ್ಟೆಪ್ಪಣ್ಣಾ... ನಾನು, ಶ್ರೀದೇವಿ! ಬಾಗಲಾ ತಗಿಯೋ!"

ಅವನು ತಲೆ ಎತ್ತಲಿಲ್ಲ. "ನಿನ್ನ ತಂಟೆಕ್ಕ ಬರಂಗಿಲ್ಲವ್ವಾ," ಅಂದವನೇ ಓಟ ಕಿತ್ತ. ಆಮೇಲೆ ಯಾರನ್ನು ಕರೆದರೂ ಅದೇ. ಅಲ್ಲಿಂದ ಕರೆಯುವ ಹೆಣ್ಣು ಯಾರೆಂದು ಊರಿಗೆಲ್ಲ ಗೊತ್ತಲ್ಲ! ಮಗಳ ಹೆಸರು ಹಿಡಿದು ಅತ್ತು ಅತ್ತು ಅವಳ ದನಿ ಹೋಯಿತು.

ಬೆಳಗಾದ ಮೇಲೆ ಗಂಡ ಕೊಟ್ರೇಶ ಮಗಳನ್ನು ಎತ್ತಿಕೊಂಡು ಬಂದು ಕೀಲಿ ತೆಗೆದ.

"ರಾತ್ರಿ ಯಾಕ ಹುಡುಕಲಿಲ್ಲ ನನ್ನ?"

ಅವನು ಕಣ್ಣು ಕಣ್ಣು ಬಿಟ್ಟ. "ನೀ ಬಂದಿದ್ದಿಯಲ್ಲ! ಕತ್ತಲಾಗ ಕೂಸಿನ ಮಗ್ಗಲಾ ಕುಂತಿದ್ದಿ. ನಸುಕಿನ್ಯಾಗ ಎದ್ದು ಹೊಂಟಿ, ಕೀಲಿಕೈ ಗೂಟಕ್ಕ ಬಿಟ್ಟಿದ್ದಿ... ಅದನ್ನ ಕೊಡಾಕ ಬಂದೇನಿ."

ಶ್ವೇತಾಳ ಜ್ವರ ಇಳಿದಿತ್ತು. ಯಾರೋ ತಲೆ ನುಣ್ಣಗೆ ಬಾಚಿ, ಐದೆಳೆಯ ಜಡೆ ಹೆಣೆದಿದ್ದರು. ಶ್ರೀದೇವಿಗೆ ಮೂರೆಳೆಯದು ಬಿಟ್ಟು ಬೇರೆ ಬರುವುದೇ ಇಲ್ಲ. ಖರೇ ಹೇಳ್ತೀನಿ... ಆ ಜಡೆ ಬಿಚ್ಚಲಾಗದೆ ನಮ್ಮವ್ವ ಮಧ್ಯಾಹ್ನದವರೆಗೆ ಒದ್ದಾಡಿದಳು. ನಾನು ಅಲ್ಲೇ ಕೂತಿದ್ದೆ.